ಮೊದಲ ದೋಣಿಗೆ ಹತ್ತದ ಕಮಲಕ್ಕ

ದೋಣಿ ದಡ ಬಿಟ್ಟಾಗ ಕಮಲಕ್ಕ ನಮ್ಮ ಜೊತೆ ಇರಲಿಲ್ಲ.

ಅವಳು ದಡದ ಮೇಲೆ, ಮರದ ಹಿಂದೆ, ಸೆರಗನ್ನು ತಲೆ ತುಂಬ ಹೊದ್ದು ನಿಂತಿದ್ದಳು. ಕೈಯಲ್ಲಿ ಬಟ್ಟೆಯ ಗಂಟು. ನಾವೆಲ್ಲ ಎಂಟನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಬರೆಯಲು ಪುತ್ತೂರಿಗೆ ಹೊರಟವರು. ಅವಳೂ ಅದೇ ಪರೀಕ್ಷೆಗೆ ಹೊರಟವಳು.

ಐವತ್ತರ ದಶಕದ ಕೊನೆಯ ಮಾತು ಇದು. ನಾನಾಗ ಕಡಬದ ಕಡೆ ಶಾಲೆಗೆ ಹೋಗುತ್ತಿದ್ದ ಸಣ್ಣ ಹುಡುಗಿ. ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಕಮಲಕ್ಕನಿಗೆ ಮೂವತ್ತು ದಾಟಿತ್ತು. ಅಕ್ಕ ಅಂತ ಕರೆದರೂ ನಮಗೆ ಅವಳು ಏಕವಚನವೇ. ಕ್ಲಾಸ್‌ಮೇಟ್ ಅಲ್ಲವೇ...

ಏಳನೇ ಕ್ಲಾಸಿಗೆ ಓದು ಬಿಡಿಸಿ ಅವಳಿಗೆ ಮದುವೆ ಮಾಡಿದ್ದರು. ಕೋಡಿಂಬಾಳದಲ್ಲಿ ಗಂಡನ ಮನೆ. ಗಂಡ ಜ್ವರದಲ್ಲಿ ತೀರಿಹೋದ ಮೇಲೆ, ಗಂಡನ ಅಣ್ಣನ ಮನೆಯಲ್ಲಿ ಕೆಲಸ ಮಾಡಿಕೊಂಡು ಮಗಳು ಸುಮತಿಯನ್ನು ಸಾಕುತ್ತಿದ್ದಳು.

ಸುಮತಿಗೆ ಗಂಡು ಹುಡುಕಲು ಶುರು ಮಾಡಿದಾಗ ಕಮಲಕ್ಕ ಹಟ ಹಿಡಿದಳಂತೆ. ತಾನು ಎಂಟನೇ ಪಾಸಾಗಿ ಟೀಚರ್ ಟ್ರೈನಿಂಗಿಗೆ ಸೇರುತ್ತೇನೆ, ಮಗಳನ್ನು ಕರೆದುಕೊಂಡು ಹೋಗಿ ನಾನೇ ಓದಿಸುತ್ತೇನೆ ಎಂದಳಂತೆ. ಭಾವ ಒಂದು ವರ್ಷ ಸಮಯ ಕೊಟ್ಟ. ಪಾಸಾದರೆ ಮಗಳು ನಿನ್ನ ಜೊತೆ, ಇಲ್ಲದಿದ್ದರೆ ಮದುವೆ ಅಂತ ಕರಾರು.

ಹಾಗೆ ಅವಳು ನಮ್ಮ ಬೆಂಚಿಗೆ ಬಂದದ್ದು.

ಮೊದಮೊದಲು ನಾವು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು. ಅವಳು ಸೆರಗಿನ ತುದಿಯಿಂದ ಹಲಸಿನ ಬೀಜ ಬೇಯಿಸಿ ಒಣಗಿಸಿದ ಸಾಂತಾಣಿ ಬಿಚ್ಚಿ ಎಲ್ಲರಿಗೂ ಹಂಚಿದಳು. ಆಮೇಲೆ ನಗು ನಿಂತಿತು.

ಮನೆಯಲ್ಲಿ ಪುಸ್ತಕ ಹಿಡಿದರೆ ಬೈಗುಳ. ಅದಕ್ಕೆ ಬಾವಿಯಿಂದ ನೀರು ಸೇದುವಾಗ ಮಗ್ಗಿ, ಸೆಗಣಿ ಬಾಚುವಾಗ ಇತಿಹಾಸ ಬಾಯಿಪಾಠ ಮಾಡುತ್ತಿದ್ದಳು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಮ್ಮೆಲ್ಲರಿಗಿಂತ ಮುಂದೆ ಬಂದಳು. ನನಗೆ ಹೊಟ್ಟೆಕಿಚ್ಚೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಇಂಥವಳು ಮರದ ಹಿಂದೆ ಯಾಕೆ ನಿಂತಳು?

ಒಳ್ಳೆ ಕೆಲಸಕ್ಕೆ ಹೊರಡುವಾಗ ಗಂಡ ಸತ್ತ ಹೆಂಗಸು ಎದುರು ಬರಬಾರದು ಅಂತ ಆಗ ಒಂದು ನಂಬಿಕೆ. ನಮ್ಮನ್ನು ಕಳಿಸಲು ತಾಯಂದಿರು, ಅಜ್ಜಿಯಂದಿರು ದೇವರ ಪ್ರಸಾದ ಹಿಡಿದು ಕುಮಾರಧಾರೆಯ ದಡಕ್ಕೆ ಬಂದಿದ್ದರು. ಕಮಲಕ್ಕ ಬರುವುದು ಕಂಡದ್ದೇ ತಡ, ನನ್ನಜ್ಜಿ ನನ್ನ ಭುಜ ಹಿಡಿದು ಹೊಳೆಯ ಕಡೆ ತಿರುಗಿಸಿದರು. ಇನ್ನೊಬ್ಬರು ಮಗನ ಮುಖ ಒರೆಸುವ ಹಾಗೆ ಮಾಡಿ ಅವನ ಕಣ್ಣಿಗೆ ಸೆರಗು ಮುಚ್ಚಿದರು.

ಯಾರೂ ಬಾಯಿ ಬಿಟ್ಟು ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ಅವಳು ಜಗಳಕ್ಕೆ ನಿಲ್ಲುತ್ತಿದ್ದಳೋ ಏನೋ. ನಮ್ಮವರ ಮರ್ಯಾದೆಯೇ ಹಾಗೆ, ಬೈಯುವುದಿಲ್ಲ, ಮುಖ ತಿರುಗಿಸುತ್ತಾರೆ ಅಷ್ಟೆ.

ಅವಳೇ ಹಿಂದೆ ಸರಿದಳು. ನಾನು ಕೂಗಿ ಕರೆದದ್ದಕ್ಕೆ ಮರದ ಹಿಂದಿನಿಂದಲೇ ಹೇಳಿದಳು, "ನೀವು ಹೋಗಿ ಮಾರಾಯ್ತಿ. ನಾನು ಇನ್ನೊಂದು ದೋಣಿಗೆ ಬರ್ತೇನೆ. ಮಕ್ಕಳದ್ದು ಹಾಳಾಗುದು ಬೇಡ."

ಅವಳೂ ಅದನ್ನು ನಂಬಿದ್ದಳು! ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೆ.

ಆಚೆ ದಡದಲ್ಲಿ ಪುತ್ತೂರಿಗೆ ಹೋಗುವ ಒಂದೇ ಬಸ್ಸು. ನಮ್ಮ ಮಾಸ್ಟ್ರು ಕಂಡಕ್ಟರನ ಹತ್ತಿರ ಸ್ವಲ್ಪ ಕಾಯಲು ಕೇಳಿಕೊಂಡರು. ಈಚೆ ದಡಕ್ಕೆ ಹಿಂದಿರುಗಿದ ದೋಣಿಯವ, ಒಬ್ಬಳಿಗಾಗಿ ಮತ್ತೆ ಯಾಕೆ ಹುಟ್ಟು ಹಾಕುವುದು ಅಂತ ಇನ್ನಷ್ಟು ಜನ ಸೇರುವ ತನಕ ಬೀಡಿ ಹಚ್ಚಿ ಕೂತ. ಅದು ಗೊತ್ತಾದದ್ದು ಆಮೇಲೆ.

ಬಸ್ಸು ಹೊರಟಿತು.

ಮಧ್ಯಾಹ್ನದ ಪರೀಕ್ಷೆ ಮುಗಿಸಿ ನಾವು ಹೊರಗೆ ಬರುವಾಗ ಅವಳು ಗೇಟಿನ ಹೊರಗೆ ನೆಲದ ಮೇಲೆ ಕೂತಿದ್ದಳು. ಅಷ್ಟು ದೂರ ನಡೆದೇ ಬಂದಿದ್ದಳು. ಮೊಣಕಾಲ ತನಕ ಕೆಂಪು ಧೂಳು. ತಡವಾಯಿತು ಅಂತ ಒಳಗೆ ಬಿಟ್ಟಿರಲಿಲ್ಲ. ಒಂದು ಪೇಪರ್ ತಪ್ಪಿದರೆ ಆ ವರ್ಷವೇ ಹೋದ ಹಾಗೆ.

ಅವಳು ಅಳಲಿಲ್ಲ. ಪ್ರಶ್ನೆಪತ್ರಿಕೆ ಕೇಳಿ ತೆಗೆದುಕೊಂಡು, ಅಲ್ಲೇ ಕೂತು ಕೊನೆಯ ತನಕ ಓದಿದಳು. ಎಲ್ಲ ಬರುತ್ತಿತ್ತು ಅಂದಳು.

ಅವಳ ಮುಖ ನೋಡದೆ ಹೋದ ನಮ್ಮಲ್ಲೂ ಕೆಲವರು ಫೇಲಾದರು. ಅದಕ್ಕೆ ಯಾರ ಶಕುನ ಕಾರಣ ಅಂತ ಊರಿನಲ್ಲಿ ಯಾರೂ ಕೇಳಲಿಲ್ಲ.

ಭಾವ ಮಾತಿಗೆ ತಪ್ಪಲಿಲ್ಲ. ಆ ಬೇಸಿಗೆಯಲ್ಲೇ ಸುಮತಿಯ ಮದುವೆ ಮಾಡಿದ. ನನಗಿಂತ ಸಣ್ಣವಳು.

ಮತ್ತೆ ಜೂನ್‌ನಲ್ಲಿ ಕಮಲಕ್ಕ ಅದೇ ಬೆಂಚಿನಲ್ಲಿ ಹೊಸ ಮಕ್ಕಳ ಜೊತೆ ಕೂತಳಂತೆ. ಪಾಸಾಗಿ ಟ್ರೈನಿಂಗಿಗೆ ಹೋದಳು ಅಂತ ಯಾರೋ ಹೇಳಿ ಗೊತ್ತಾಯಿತು.

ಅರವತ್ತರ ದಶಕದ ನಡುವೆ ನಾನೂ ಟೀಚರ್ ಆದೆ. ಒಮ್ಮೆ ಮಕ್ಕಳನ್ನು ಪರೀಕ್ಷೆಗೆ ಅಂತ ಪುತ್ತೂರಿಗೆ ಕರೆದುಕೊಂಡು ಹೋದಾಗ ನೋಡುತ್ತೇನೆ, ಕುಂಬ್ರದ ಕಡೆಯಿಂದ ಬಂದ ಬಸ್ಸಿನಿಂದ ಒಂದು ಗುಂಪು ಹುಡುಗಿಯರು ಇಳಿಯುತ್ತಿದ್ದಾರೆ. ಎಲ್ಲರಿಗಿಂತ ಮುಂದೆ ಕಮಲಕ್ಕ. ಬೋಳು ಹಣೆ, ತಲೆಯ ಮೇಲೆ ಸೆರಗಿಲ್ಲ.

ಪರೀಕ್ಷೆಗೆ ಯಾವಾಗಲೂ ಅವಳೇ ಮುಂದೆ ಹೊರಡುವುದಂತೆ. ಬೇಡ ಅಂದ ತಾಯಂದಿರಿಗೆ, ಹಾಗಾದರೆ ನೀವೇ ಕರೆದುಕೊಂಡು ಹೋಗಿ ಅನ್ನುತ್ತಾಳಂತೆ. ನನಗೆ ಎಷ್ಟು ಖುಷಿಯಾಯಿತೆಂದರೆ ರಸ್ತೆಯಲ್ಲೇ ಅವಳ ಕೈ ಹಿಡಿದುಕೊಂಡೆ. ಆ ಖುಷಿಯಲ್ಲೇ ಸುಮತಿ ಹೇಗಿದ್ದಾಳೆ ಅಂತ ಕೇಳಿಬಿಟ್ಟೆ.

"ಮೊದಲ ಹೆರಿಗೆಯಲ್ಲಿ ಹೋದ್ಲು. ನನಗೆ ಇನ್ನೂ ಟ್ರೈನಿಂಗ್ ಮುಗಿದಿರ್ಲಿಲ್ಲ."

ಗಂಟೆ ಹೊಡೆಯಿತು. ಅವಳು ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕಳಿಸಿದಳು. ಗೇಟು ಮುಚ್ಚಿದ ಮೇಲೆ ನನ್ನ ಕಡೆ ತಿರುಗಿ ಕೇಳಿದಳು.

"ಅವತ್ತು ನಾನು ನಿಮ್ಮ ಒಟ್ಟಿಗೆ ದೋಣಿ ಹತ್ತಿದ್ರೆ ಯಾರಿಗೂ ಎಂತದೂ ಆಗ್ತಿರ್ಲಿಲ್ಲ, ಅಲ್ವಾ?"

ನನಗೆ ಈಗ ಎಂಬತ್ತು ದಾಟಿದೆ. ಹೌದು ಅಂದರೂ ಸುಡುವ, ಇಲ್ಲ ಅಂದರೂ ಸುಡುವ ಆ ಪ್ರಶ್ನೆಗೆ ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?