ಅರವತ್ತೊಂದನೆಯ ದಿನ ಕಾಯುವ ಗುರುಮಲ್ಲಮ್ಮ

ಬೆಳಗಿನ ಐದೂವರೆ. ಚಾಮರಾಜನಗರ ತಾಲ್ಲೂಕಿನ ಹರವೆಯಲ್ಲಿ ಗುರುಮಲ್ಲಮ್ಮ ಇನ್ನೂ ಬಾಗಿಲಿಗೆ ನೀರು ಹಾಕಿಲ್ಲ. ಅದಕ್ಕೂ ಮೊದಲು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, ಕನ್ನಡಕ ಏರಿಸಿ, ಪೆನ್ಸಿಲ್ ಹಿಡಿಯುತ್ತಾರೆ. ಇಂದಿನ ಚೌಕದಲ್ಲಿ ಮೂರು ಹೆಸರು, ಪಕ್ಕದಲ್ಲಿ ಮೂರು ಅಂಕಿ: ಹದಿನೇಳು, ನಲವತ್ತೆರಡು, ಐವತ್ತೊಂಬತ್ತು. ಯಾರು ಜೈಲು ಸೇರಿ ಎಷ್ಟು ದಿನವಾಯಿತು ಎಂಬ ಲೆಕ್ಕ. ಐವತ್ತೊಂಬತ್ತರ ಕೆಳಗೆ ಎರಡು ಗೆರೆ ಎಳೆದ ಮೇಲೆಯೇ ಕಾಫಿಗೆ ನೀರಿಡುವುದು.

ಐವತ್ತೆರಡರ ಈ ಹೆಂಗಸು ಉಚಿತ ಕಾನೂನು ನೆರವಿನ ಸ್ವಯಂಸೇವಕಿ. ಓದಿದ್ದು ಏಳನೇ ಕ್ಲಾಸು. ವಾರಕ್ಕೆರಡು ಸಲ ಜೈಲಿಗೆ ಹೋಗಿ ಬರುತ್ತಾರೆ, ಒಂಬತ್ತು ವರ್ಷದಲ್ಲಿ ನಾನೂರಕ್ಕೂ ಹೆಚ್ಚು ಮಂದಿಯ ದಿನ ಎಣಿಸಿದ್ದಾರೆ. ತನಿಖೆ ಮುಗಿಸಿ ದೋಷಾರೋಪ ಪಟ್ಟಿ ಕೊಡಲು ಕಾನೂನು ಪೊಲೀಸರಿಗೆ ಕೊಡುವುದು ಅರವತ್ತು ದಿನ, ದೊಡ್ಡ ಅಪರಾಧಗಳಿಗೆ ತೊಂಬತ್ತು. ಅದು ಮೀರಿದರೆ ಜಾಮೀನು ಒಳಗಿರುವವನ ಹಕ್ಕು. ಆದರೆ ಬಾಯಿಬಿಟ್ಟು ಕೇಳಬೇಕು. ಕೇಳುವ ಮುಂಚೆ ಪಟ್ಟಿ ಬಂದುಬಿಟ್ಟರೆ ಆ ಹಕ್ಕು ಹೋಯಿತು. ಕೇಳಬೇಕೆಂದೇ ಗೊತ್ತಿಲ್ಲದವರು ಎಷ್ಟು ಮಂದಿಯೋ.

ಗುರುಮಲ್ಲಮ್ಮನವರಿಗೂ ಗೊತ್ತಿರಲಿಲ್ಲ. ತಮ್ಮ ರಘುನಾಥ ಗುಂಡ್ಲುಪೇಟೆಯ ಈರುಳ್ಳಿ ಲಾರಿಯೊಂದರಲ್ಲಿ ಕ್ಲೀನರ್ ಆಗಿದ್ದರು. ಲಾರಿಯಲ್ಲಿ ಕದ್ದ ಮಾಲು ಸಿಕ್ಕಿ, ದೂರದ ಜೈಲೊಂದರಲ್ಲಿ ಹನ್ನೊಂದು ತಿಂಗಳು ಕೊಳೆತರು. ಕೊನೆಗೆ ಕೇಸು ನಿಲ್ಲಲಿಲ್ಲ. "ಎಲ್ಡು ತಿಂಗ್ಳಿಗೇ ಬರ್ಬೋದಿತ್ತಂತೆ ಸಾ. ಯಾವತ್ತು ಬುಡ್ತಾರೆ ಅಂತ ಗೊತ್ತಿದ್ರೆ ಮನ್ಸ ಎಂಗೋ ತಡ್ಕೋತಾನೆ. ಗೊತ್ತಿಲ್ದೆ ಓದ್ರೆ ಒಳಗೊಳಗೇ ಸತ್ತೋಯ್ತಾನೆ" ಎನ್ನುತ್ತಾರೆ.

ಈಗ ಐವತ್ತೊಂಬತ್ತನೆಯ ದಿನದಲ್ಲಿರುವವನು ಇದೇ ಊರಿನ ಶಿವಮಲ್ಲು. ಹೊಲಗಳ ಪಂಪ್‌ಸೆಟ್ಟಿನ ಕೇಬಲ್ ಕದ್ದ ಆರೋಪ. ಕೇಬಲ್ ಕಳೆದುಕೊಂಡ ಆರು ಮನೆಗಳಲ್ಲಿ ಗುರುಮಲ್ಲಮ್ಮನವರದೂ ಒಂದು. ಅವರ ಟೊಮೆಟೊ ನೀರಿಲ್ಲದೆ ಒಣಗಿತು. ದೂರು ಕೊಟ್ಟ ವೃಷಭೇಂದ್ರಪ್ಪನವರಂತೂ ಉರಿದುಬೀಳುತ್ತಾರೆ: "ಕಳ್ನ ಪರ ನಿಂತ್ಕತಿಯಲ್ಲಮ್ಮಿ, ನಿಂಗೇನ್ ತಲೆ ಕೆಟ್ಟದಾ? ಇನ್ನೊಂದೀಟ್ ದಿನ ಬಿದ್ದಿರ್ಲಿ ಬುಡು."

"ಯೆಷ್ಟು ದಿನ ಅಂತ ಯೇಳಿ ಗೌಡ್ರೇ, ಬರ್ಕತೀನಿ" ಎಂದರಂತೆ ಇವರು. ಗೌಡರು ಟವೆಲ್ ಕೊಡವಿಕೊಂಡು ಎದ್ದುಹೋದರು. ನನ್ನನ್ನು ಕೇಳಿದರೆ, ಇದಕ್ಕಿಂತ ಒಳ್ಳೆಯ ವಾದವನ್ನು ಯಾವ ವಕೀಲರ ಬಾಯಲ್ಲೂ ನಾನು ಕೇಳಿಲ್ಲ.

ಮೂರು ದಿನದ ಹಿಂದೆ ಶಿವಮಲ್ಲುವಿನ ತಾಯಿ ಮೂಗಮ್ಮ ಓಡಿಬಂದಿದ್ದರು. ಮಗ ಹೋದ ಮೇಲೆ ಎಂಟು ಸಂತೆ ಮುಗಿದಿದೆ. ಸಂತೆ ಎಂಟು ದಿನಕ್ಕೊಂದು. ಎಂಟೆಂಟಲ ಅರವತ್ನಾಲ್ಕು, ಗಡುವು ದಾಟಿಹೋಯಿತು, ಅರ್ಜಿ ಹಾಕಿಬಿಡು ಎಂದು ಅಳು. ನಮ್ಮ ಕಡೆ ವಾರವೆಂದರೆ ಎಂಟು ದಿನವೇ ತಾನೆ. ಗುರುಮಲ್ಲಮ್ಮ ಆಕೆಯನ್ನು ಕ್ಯಾಲೆಂಡರಿನ ಮುಂದೆ ನಿಲ್ಲಿಸಿ, ಬೆರಳಿಟ್ಟು ಎಣಿಸಿದರು. "ಬಾಯಲ್ಲಿ ಎಂಟು ಅಂತೀವಿ ಕನವ್ವ, ಸಂತೆಯಿಂದ ಸಂತೆಗೆ ಇರಾದು ಏಳೇಯ. ಇವತ್ತಿಗೆ ಐವತ್ತಾರು. ಈಗ್ಲೇ ಓದ್ರೆ ಅರ್ಜಿ ಬಿದ್ದೋಯ್ತದೆ." ಮೂಗಮ್ಮ ತಾವೇ ಇನ್ನೊಮ್ಮೆ ಬೆರಳಿಟ್ಟು ಎಣಿಸಿದರು.

ಅರವತ್ತೊಂದನೆಯ ದಿನ ನಾನೂ ಕೋರ್ಟಿಗೆ ಹೋಗುತ್ತೇನೆ. ಹತ್ತೂವರೆಗೆ ನೆರವಿನ ವಕೀಲೆ ಪವಿತ್ರ ಅರ್ಜಿ ಕೊಡುತ್ತಾರೆ. ಮಧ್ಯಾಹ್ನ ಮೂರೂಕಾಲಿಗೆ ಪೊಲೀಸರು ದೋಷಾರೋಪ ಪಟ್ಟಿ ಹಿಡಿದು ಬರುತ್ತಾರೆ. ಐದು ಗಂಟೆಯೂ ಇಲ್ಲದ ಅಂತರ, ಅಬ್ಬಾ! ಅರ್ಜಿ ಮೊದಲು ಬಂದಿದೆ, ಜಾಮೀನು ಕೊಡಲೇಬೇಕು. ಶ್ಯೂರಿಟಿಗೆ ಯಾರಪ್ಪ ಎಂದು ನಾವು ಮುಖ ಮುಖ ನೋಡುವಷ್ಟರಲ್ಲಿ, ಈಗ ಕುದೇರಿನಲ್ಲಿ ಬೇಸಾಯ ಮಾಡುವ ರಘುನಾಥ ಜಮೀನಿನ ಪಹಣಿ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಅವರಿಗೆ ಶಿವಮಲ್ಲುವಿನ ಪರಿಚಯವೂ ಇಲ್ಲ. ನಾನು ಎದ್ದು ಹೋಗಿ ಅವರ ಕೈ ಹಿಡಿಯುತ್ತೇನೆ. ಗುರುಮಲ್ಲಮ್ಮ ಮಾತ್ರ "ಜೆರಾಕ್ಸ್ ಮಾಡಿಸ್ದಾ?" ಎಂದಷ್ಟೇ ಕೇಳುತ್ತಾರೆ.

ಮರುದಿನ ಜೈಲಿನ ಬಾಗಿಲಲ್ಲಿ ಮೂಗಮ್ಮ ಮಗನ ಕೆನ್ನೆ, ತೋಳು ಎಲ್ಲ ಸವರಿ ನೋಡಿ, ನೆಲದ ಮೇಲೇ ಕೂತು ನಗುತ್ತಾರೆ. ಎಷ್ಟೋ ದಿನದ ಮೇಲೆ ನಕ್ಕವರಂತೆ ಕಾಣುತ್ತದೆ. ಶಿವಮಲ್ಲು ಗುರುಮಲ್ಲಮ್ಮನವರ ಹತ್ತಿರ ಬಂದು ತಲೆ ತಗ್ಗಿಸುತ್ತಾನೆ. "ಅಕ್ಕ, ನಿಮ್ ಕೇಬಲ್ ನಾನ್ ಮುಟ್ಟಿಲ್ಲ ಕನಕ್ಕ."

"ಅದ ನಂಗ್ಯಾಕ್ ಯೇಳೀಯ? ಕೋರ್ಟಲ್ಲಿ ಯೇಳು."

ತಾಯಿ ಮಗ ಅತ್ತ ಹೋದ ಮೇಲೆ ನಾನು ಕೇಳುತ್ತೇನೆ: ಅವನೇ ಕದ್ದಿದ್ದರೆ?

"ಕದ್ದಿದ್ರೆ ಸಿಕ್ಸೆ ಆಗ್ಲಿ ಸಾ, ನಾನೇನ್ ಬ್ಯಾಡ ಅನ್ನಲ್ಲ. ನನ್ನೂ ಸಾಕ್ಸಿ ಮಾಡವ್ರೆ. ಕೇಬಲ್ ಓಗಿರಾದು ನಿಜ, ಅದ ಓಗಿ ಯೇಳ್ತೀನಿ" ಎಂದು ಸೆರಗು ಸರಿಮಾಡಿಕೊಳ್ಳುತ್ತಾರೆ. "ಕೋರ್ಟ್ ವಾಯಿದೆ ದಿನ ಅವ್ನೂ ಊರಿಂದ್ಲೇ ಬರ್ಬೇಕು, ನಾನೂ ಊರಿಂದ್ಲೇ ಬರ್ಬೇಕು. ಇರಾದು ಒಂದೇ ಬಸ್ಸು. ನಂಗೂ ಒಂದ್ ಸೀಟ್ ಇಡ್ಕಂಡಿರು ಅಂದಿವ್ನಿ."