ಕೈಮಶೀನಿನ ದೋಣಿ

ಬೀದಿಯವರಿಗೆಲ್ಲ ಅವಳು ಗುಂಡಿ ಅತ್ತೆ. ಮೂವತ್ತು ವರ್ಷ ಅಂಗಡಿಯೊಂದರಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿದವಳು, ಕಣ್ಣು ಮಂಜಾದ ಮೇಲೆ ಅಂಗಡಿ ಬಿಟ್ಟಳು. ಅಂಗಡಿಯ ಚಾಳಿ ಬಿಡಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ದೇವರಿಗೆ ಕೈಮುಗಿದು, ಸೇತುವೆ ಕೆಳಗೆ ಸೇರುವ ಹಳೆ ಸಾಮಾನಿನ ಸಂತೆಗೆ ಹೊರಡುತ್ತಿದ್ದಳು. ಚಿಪ್ಪಿನ ಗುಂಡಿ, ಮರದ ರೀಲು, ಬೆರಳಿಗೆ ಹಾಕುವ ಹಿತ್ತಾಳೆ ಟೋಪಿ, ಯಾರದೋ ಅಜ್ಜಿಯ ಸೂಜಿಪೊಟ್ಟಣ, ಏನು ಸಿಕ್ಕಿದರೂ ಚೀಲಕ್ಕೆ. ಮನೆಯ ಮಂಚದ ಕೆಳಗೆ ಬಿಸ್ಕತ್ತಿನ ಡಬ್ಬಿಗಳ ಸಾಲು. ಒಳಗೇನಿದೆ ಎಂದು ತಿಳಿಯಲು ಪ್ರತಿ ಮುಚ್ಚಳಕ್ಕೂ ಒಂದೊಂದು ಮಾದರಿ ಕಟ್ಟಿದ್ದಳು.

"ಈ ಮನೇಲಿ ಗುಂಡಿಗೆ ಜಾಗ ಇದೆ, ಅಂಗಿಗಿಲ್ಲ," ಎನ್ನುತ್ತಿದ್ದರು ಬಸ್ಸು ಓಡಿಸಿ ನಿವೃತ್ತರಾದ ಯಜಮಾನರು. "ನೋಡು, ನನ್ನ ಅಂಗೀಲಿ ಎರಡು ಗುಂಡಿ ಹೋಗಿ ತಿಂಗಳಾಯ್ತು."

"ನನ್ನ ಡಬ್ಬೀಲಿರೋದು ನಿಮ್ಮ ಅಂಗಿಗೆ ಹಾಕೋಂಥ ಗುಂಡಿಗಳಲ್ಲ ಕಣ್ರೀ."

ಇಷ್ಟೆಲ್ಲ ಕೂಡಿಟ್ಟರೂ ಅತ್ತೆಯ ಕಣ್ಣು ನಿಜವಾಗಿ ಹುಡುಕುತ್ತಿದ್ದದ್ದು ಒಂದೇ ಒಂದನ್ನು. ಅವಳ ಅಮ್ಮ ಬಿಟ್ಟುಹೋದ ಕೈಮಶೀನು ಒಂಬತ್ತು ವರ್ಷದಿಂದ ಮೂಕವಾಗಿ ಕೂತಿತ್ತು. ಈಗಿನ ಮಶೀನಿನ ಹಾಗೆ ಅದಕ್ಕೆ ದುಂಡನೆ ಬಾಬಿನ್ ಇಲ್ಲ. ಬೆರಳುದ್ದದ, ಮೂತಿ ಚೂಪಾದ ಉಕ್ಕಿನ ದೋಣಿ. ಕೆಳದಾರವನ್ನು ಹೊಟ್ಟೆಯಲ್ಲಿಟ್ಟುಕೊಂಡು ಅದು ಹಿಂದೆ ಮುಂದೆ ಓಡಾಡಿದರೆ ಮಾತ್ರ ಹೊಲಿಗೆ. ಮನೆ ಬದಲಾಯಿಸುವಾಗ ಆ ದೋಣಿ ಕಳೆದುಹೋಗಿತ್ತು. ಗಂಟು ಕಟ್ಟಿದ್ದು ಯಜಮಾನರು. ಅದನ್ನು ಅತ್ತೆ ಅವರಿಗೆ ಮರೆಯಲು ಬಿಟ್ಟಿರಲಿಲ್ಲ.

ಮನೆತನದ ಪ್ರತಿ ಕೂಸಿನ ಮೊದಲ ಅಂಗಿಯೂ ಆ ಮಶೀನಿನಲ್ಲೇ ಹೊಲಿದದ್ದು. ಈಗ ಬಸುರಿ ಮೊಮ್ಮಗಳಿಗೆ ಒಂಬತ್ತು ತಿಂಗಳು ತುಂಬುತ್ತಿತ್ತು.

"ಅಂಗಡೀಲಿ ಎಷ್ಟು ಚೆಂದದ್ದು ಸಿಗುತ್ತೆ ಅಜ್ಜಿ, ಯಾಕೆ ಒದ್ದಾಡ್ತೀಯ?" ಎಂದಳು ಮೊಮ್ಮಗಳು.

"ನೀನು ಹುಟ್ಟಿದಾಗ ನಿನ್ನಮ್ಮನೂ ಹೀಗೇ ಅಂದಿದ್ಲು. ಆ ಪುಟ್ಟ ಅಂಗಿ ಎಲ್ಲಿದೆ ಈಗ?"

"ನನ್ನ ಬೀರುವಿನಲ್ಲಿ," ಎಂದು ಮೊಮ್ಮಗಳು ಮೆತ್ತಗೆ ಒಪ್ಪಿಕೊಂಡಳು.

ಮುಂದಿನ ಭಾನುವಾರ ಸಂತೆಯಲ್ಲಿ, ಗೋಣಿ ಹಾಸಿ ವ್ಯಾಪಾರ ಮಾಡುವ ಗೋಣಿಯಣ್ಣನ ಮುಂದೆ ಅತ್ತೆಯ ಕಾಲು ನೆಲಕ್ಕೆ ಅಂಟಿಕೊಂಡಿತು. ಮುರುಕು ಚಮಚಗಳ ನಡುವೆ ಮಲಗಿತ್ತು, ಅದೇ ದೋಣಿ!

ಅತ್ತೆಯ ಮುಖ ಮಾತ್ರ ಹುಳಿ ತಿಂದಂತಾಯಿತು. ಅದು ಅತ್ತೆಯ ಹಳೆ ಪಟ್ಟು. ಬೇಕಾದ್ದನ್ನು ಬೇಡ ಅನ್ನಬೇಕು, ಬೇಡದ್ದನ್ನು ಹೊಗಳಬೇಕು, ಸಂತೆಯನ್ನೊಂದು ಸುತ್ತು ಹಾಕಿ ಬಂದು, ಪಾಪ ಎಂದು ಕನಿಕರಿಸಿದವಳಂತೆ ಬೇಕಾದ್ದನ್ನೇ ಕೊಳ್ಳಬೇಕು.

"ಇದೇನಣ್ಣ, ತುಕ್ಕು ತಿಂದ ಕಬ್ಬಿಣದ ಚೂರನ್ನೂ ಹರಡಿದ್ದೀಯಲ್ಲ? ಥೂ, ಯಾರಿಗೆ ಬೇಕು? ಆ ಚಮಚ ನೋಡು, ಏನು ಚೆಂದ!" ಎಂದು ಮುಂದೆ ನಡೆದಳು.

ಒಂದು ಸುತ್ತು ಹಾಕಿ ಬಂದಾಗ ಚಮಚಗಳಿದ್ದವು, ದೋಣಿ ಇರಲಿಲ್ಲ.

"ಆ ಚೂರಾ? ಬೀಗ ರಿಪೇರಿಯವನಿಗೆ ಸುಮ್ನೆ ಕೊಟ್ಟೆ," ಎಂದ ಗೋಣಿಯಣ್ಣ. "ಅದೇನಂತ ನನಗೆ ಗೊತ್ತಿರಲಿಲ್ಲ. ಹೊಲಿಗೆ ಸಾಮಾನೇ ಇರಬೇಕು ಅಂದ್ಕೊಂಡಿದ್ದೆ. ನೀವೇ ಚೂರು ಅಂದ ಮೇಲೆ ಮುಗೀತಲ್ಲ. ಇಂಥದರಲ್ಲಿ ನಿಮ್ಮ ಮಾತೇ ವೇದವಾಕ್ಯ ನನಗೆ. ಮೂತಿ ಚೂಪಾಗಿದೆ, ಉಜ್ಜಿ ಬೀಗ ತೆಗೆಯೋ ಕೊಕ್ಕೆ ಮಾಡ್ಕೋತೀನಿ ಅಂದ ಅವನು."

ಅತ್ತೆ ಓಡಿದಳು. ಅರವತ್ತೆಂಟರ ಮಂಡಿ ಬೇಡವೆಂದರೂ ಕೇಳದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಾತ್ರೆಯ ಗುಡ್ಡೆ ದಾಟಿ ಓಡಿದಳು. ಸೇತುವೆಯ ಕೊನೆಯ ಕಂಬದ ಬಳಿ ಬೀಗದವನು ಸಾಣೆಚಕ್ರ ತಿರುಗಿಸಿಯಾಗಿತ್ತು. ದೋಣಿಯ ಮೂತಿಯಿಂದ ಕಿಡಿ ಹಾರುತ್ತಿತ್ತು.

"ನಿಲ್ಸಪ್ಪಾ! ನಿಲ್ಸು! ಅದು ನನಗೆ ಬೇಕು! ಒಂಬತ್ತು ವರ್ಷದಿಂದ ಹುಡುಕ್ತಿದ್ದೀನಿ!"

ಅಕ್ಕಪಕ್ಕದ ವ್ಯಾಪಾರವೆಲ್ಲ ನಿಂತುಹೋಯಿತು. ಗುಂಡಿ ಅತ್ತೆಯ ಬಾಯಲ್ಲಿ 'ಬೇಕು' ಎಂಬ ಮಾತನ್ನು ಆ ಸಂತೆ ಅಂದೇ ಮೊದಲು ಕೇಳಿದ್ದು. ಬೀಗದವನು ಬೆದರಿ ಚಕ್ರ ನಿಲ್ಲಿಸಿದ.

"ತಗೊಳ್ಳಿ ತಾಯಿ. ಮೊದಲೇ ಹೇಳಬಾರದಾ?"

ಮೂತಿಯ ಮೇಲೊಂದು ಗೀರು ಬಿದ್ದಿತ್ತು, ಅಷ್ಟೆ. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡಳು. ನೇರ ಮನೆಗೆ ಹೋಗಬಹುದಿತ್ತು; ಮನಸ್ಸು ಒಪ್ಪಲಿಲ್ಲ. ಬೆಳಿಗ್ಗೆ ದೇವರಿಗೆ ಮುಗಿದ ಕೈಯಲ್ಲೇ ಸುಳ್ಳಿನ ವ್ಯಾಪಾರ ಮಾಡಿದೆನಲ್ಲ ಎನಿಸಿ, ಗೋಣಿಯಣ್ಣನ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತಳು.

"ಅಣ್ಣ, ಇದು ಚೂರಲ್ಲ. ನನ್ನಮ್ಮನ ಮಶೀನಿನ ಜೀವ. ಮೊಮ್ಮಗಳಿಗೆ ಹುಟ್ಟೋ ಕೂಸಿಗೆ ಅದರಲ್ಲೇ ಅಂಗಿ ಹೊಲೀಬೇಕು. ಬೇಕಂತಲೇ ಹೀಗಳೆದೆ."

ಗೋಣಿಯಣ್ಣ ಕನ್ನಡಕ ತೆಗೆದು ಅವಳನ್ನೇ ನೋಡಿದ. "ಹಾಗಾದ್ರೆ ಇಷ್ಟು ವರ್ಷ ನೀವು ಥೂ ಅಂದದ್ದೆಲ್ಲ...?"

"ಚೆನ್ನಾಗಿತ್ತು."

"ಮತ್ತೆ ಚೆಂದ ಅಂದದ್ದು?"

"ಅದನ್ನ ಯಾವತ್ತಾದ್ರೂ ಕೊಂಡಿದ್ದೀನಾ?"

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ಶಿವನೇ! ನಿಮ್ಮ ಮಾತು ಕೇಳಿ ನಾನು ವರ್ಷಗಟ್ಟಲೆ ಚಮಚ ತಂದು ಸುರೀತಿದ್ದೀನಲ್ಲಮ್ಮ!" ದೋಣಿಗೆ ಬೆಲೆ ಕೇಳಿದರೆ ತಲೆಯಾಡಿಸಿದ. "ಕೊಟ್ಟದ್ದು ಕೊಟ್ಟೆ. ಅಂಗಿ ಆದ ಮೇಲೆ ತಂದು ತೋರಿಸಿ, ಸಾಕು."

ಮನೆಯಲ್ಲಿ ದೋಣಿ ಮಶೀನಿನೊಳಗೆ ಕೂತಿತು, ಆದರೆ ದಾರ ಗೀರಿಗೆ ಸಿಕ್ಕಿ ಪಟ್ಟೆಂದು ಹರಿಯಿತು. ಮತ್ತೆ ಹಾಕಿದರೆ ಮತ್ತೆ ಹರಿಯಿತು. ಅತ್ತೆಯ ಮುಖ ಸಣ್ಣದಾಯಿತು. ಯಜಮಾನರು ದೋಣಿ ತೆಗೆದುಕೊಂಡು, ನಯವಾದ ಉಪ್ಪುಕಾಗದದಿಂದ ಉಜ್ಜಲು ಕೂತರು. ಉಜ್ಜುವುದು, ಉಗುರಿನಿಂದ ಸವರಿ ನೋಡುವುದು, ಮತ್ತೆ ಉಜ್ಜುವುದು. ಮಧ್ಯಾಹ್ನ ಹೋಗಿ ಸಂಜೆಯಾಯಿತು.

"ಕಳೆದವನು ನಾನೇ ಅಲ್ವೇನೇ," ಎಂದು ಕೊನೆಗೆ ಅವಳ ಅಂಗೈಯಲ್ಲಿಟ್ಟರು. "ಈಗ ಓಡಿಸು ನಿನ್ನ ದೋಣಿ."

ಅತ್ತೆ ಹಿಡಿ ತಿರುಗಿಸಿದಳು. ಟಿಕಟಿಕ ಟಿಕಟಿಕ ಎಂದು ಮಶೀನು ಒಂಬತ್ತು ವರ್ಷದ ಮಾತನ್ನೆಲ್ಲ ಒಟ್ಟಿಗೆ ಆಡತೊಡಗಿತು. ದಾರ ಹರಿಯಲಿಲ್ಲ. ತೆಳ್ಳನೆ ಮೆತ್ತನೆಯ ಮಲ್ಲು ಬಟ್ಟೆಯ ಅಂಗಿಗೆ ಅಂಗೈಯಷ್ಟೇ ಬೆನ್ನು, ಹೆಬ್ಬೆರಳಷ್ಟೇ ತೋಳು. ಎಳೆ ಮೈಗೆ ಒತ್ತಬಾರದೆಂದು ಗುಂಡಿಯ ಬದಲು ಲಾಡಿ. ಮಿಕ್ಕ ದಾರದಲ್ಲಿ ಚಿಪ್ಪಿನ ಡಬ್ಬಿಯ ಎರಡು ಗುಂಡಿಗಳನ್ನು ಯಜಮಾನರ ಅಂಗಿಗೆ ಹಾಕಿದಳು. ಅವರು ಕನ್ನಡಿ ಮುಂದೆ ಎರಡು ಸಲ ನಿಂತು ಬಂದರು.

ಬುಧವಾರ ಮೊಮ್ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ಭಾನುವಾರ ಅತ್ತೆ ಆ ಅಂಗಿಯನ್ನು ಒಗೆದು, ಮಡಿಸಿ, ಸಂತೆಗೆ ಕೊಂಡೊಯ್ದಳು. ಗೋಣಿಯಣ್ಣ ಕೈಯನ್ನು ಪಂಚೆಗೆ ಒರೆಸಿಕೊಂಡು, ಅಂಗಿ ಬಿಡಿಸಿ, ಹೊಲಿಗೆಯ ಮೇಲೆ ಬೆರಳಾಡಿಸಿದ. ಆಮೇಲೆ ಮುಖ ಹುಳಿ ಮಾಡಿಕೊಂಡ.

"ಇದೇನಮ್ಮ ಇದು? ಥೂ, ಯಾರಿಗೆ ಬೇಕು ಇಂಥದ್ದು?"

ಅಷ್ಟು ದೊಡ್ಡ ಹೊಗಳಿಕೆಯನ್ನು ಗುಂಡಿ ಅತ್ತೆ ತನ್ನ ಜನ್ಮದಲ್ಲೇ ಕೇಳಿರಲಿಲ್ಲ.