ಮಾತಾಡಿಸಿಕೊಂಡು ಬರಲು ಹೋದವರು

೨೦೦೪ರಲ್ಲಿ ನಾನು ಹುನಗುಂದ ಭಾಗದಲ್ಲಿ ಬಿ.ಆರ್.ಪಿ. ಆಗಿದ್ದೆ. ಬಿ.ಆರ್.ಪಿ. ಎಂದರೆ ಬ್ಲಾಕ್ ಸಂಪನ್ಮೂಲ ವ್ಯಕ್ತಿ. ಹೆಸರು ಕೇಳಿದವರಿಗೆ ಇವಳ ಹತ್ತಿರ ಎಷ್ಟೊಂದು ಸಂಪನ್ಮೂಲ ಇರಬೇಕು ಎನ್ನಿಸೀತು. ನನ್ನ ಹತ್ತಿರ ಇದ್ದದ್ದು ಒಂದು ಅಲುಗಾಡುವ ಕುರ್ಚಿ ಮತ್ತು ಇಲಿ ಕಡಿದ ಚಾರ್ಟುಗಳಿದ್ದ ಒಂದು ಕಪಾಟು. ಶಾಲೆಗಳಿಗೆ ಹೋಗಿ ಪಾಠ ನೋಡುವುದು, ಶಿಕ್ಷಕರನ್ನು ಕರೆದು ತರಬೇತಿ ಕೊಡುವುದು, ಕೊಟ್ಟೆವೆಂದು ಮೇಲಿನವರಿಗೆ ವರದಿ ಕಳಿಸುವುದು ನನ್ನ ಕೆಲಸವಾಗಿತ್ತು.

ಆ ವರ್ಷ ಒಂದು ಹೊಸ ಮಾಡ್ಯೂಲ್ ಬಂತು, ಶಿಕ್ಷಕರ ಮನಸ್ಸಿನ ಆರೋಗ್ಯದ ಬಗ್ಗೆ. ಅಲ್ಲಿಯವರೆಗೆ ನಾವು ಭಾಗಾಕಾರ ಕಲಿಸುವುದು ಹೇಗೆ, ಕಪ್ಪುಹಲಗೆ ಬಳಸುವುದು ಹೇಗೆ ಎಂದೆಲ್ಲ ಹೇಳಿಕೊಟ್ಟಿದ್ದೆವು. ಕಲಿಸುವ ಮನುಷ್ಯ ಹೇಗಿದ್ದಾನೆ ಎಂದು ಯಾರಾದರೂ ಕೇಳಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ಹಾಗಾಗಿ ನನಗೆ ನಿಜವಾಗಿಯೂ ಉತ್ಸಾಹ ಬಂದಿತ್ತು.

ಮಾಡ್ಯೂಲಿನಲ್ಲಿ ಎರಡು ಭಾಗ. ಮೊದಲನೆಯದು ಮೈಂಡ್‌ಫುಲ್‌ನೆಸ್. ಕಣ್ಣು ಮುಚ್ಚಿ ಕುಳಿತು, ಉಸಿರು ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ಸುಮ್ಮನೆ ಗಮನಿಸುವುದು. ಎರಡನೆಯದು ಭಾವನೆಯ ವೃತ್ತ. ಎಲ್ಲರೂ ನೆಲದ ಮೇಲೆ ಗುಂಡಗೆ ಕೂತು, ತಮ್ಮೊಳಗೆ ಏನು ನಡೆದಿದೆ ಎಂದು ಒಬ್ಬೊಬ್ಬರಾಗಿ ಹೇಳುವುದು. ಕೇಳುವವರು ಬುದ್ಧಿ ಹೇಳಬಾರದು, ಅಯ್ಯೋ ಪಾಪ ಎನ್ನಬಾರದು. ಇಲ್ಲಿ ಆಡಿದ ಮಾತು ಈ ಕೋಣೆಯ ಹೊರಗೆ ಹೋಗಬಾರದು. ಈ ನಿಯಮವನ್ನು ನಾನು ಪ್ರತಿ ದಿನ ಬೆಳಿಗ್ಗೆ ಹೇಳಿಸಿ, ಎಲ್ಲರಿಂದ ಹೂಂ ಅನ್ನಿಸುತ್ತಿದ್ದೆ.

ಮೊದಮೊದಲು ಅದು ತಮಾಷೆಯಾಗಿಯೇ ನಡೆಯಿತು. ಮಧ್ಯಾಹ್ನ ರೊಟ್ಟಿ ಊಟ ಮಾಡಿ ಬಂದವರಿಗೆ ಕಣ್ಣು ಮುಚ್ಚಿ ಎಂದರೆ ಕೇಳಬೇಕೆ? ಉಸಿರನ್ನು ಗಮನಿಸುವ ಮಾತು ಹಾಗಿರಲಿ, ಪಕ್ಕದವರ ಗೊರಕೆಯನ್ನು ಗಮನಿಸುವಂತಾಗಿತ್ತು. ವೃತ್ತದಲ್ಲಿ ಎಲ್ಲರದೂ ಒಂದೇ ಉತ್ತರ: "ಆರಾಮ ಅದೀವ್ರಿ." ನಮ್ಮ ಕಡೆ ಜ್ವರ ಬಂದು ಮಲಗಿದವರೂ ಮೊದಲು ಆರಾಮ ಎಂದು, ಆಮೇಲೆ ಜ್ವರದ ಸುದ್ದಿಗೆ ಬರುತ್ತಾರೆ. ನನಗೆ ಸಿಟ್ಟು ಬರುತ್ತಿತ್ತು. ಇಷ್ಟೊಂದು ಆರಾಮ ಇದ್ದವರಿಗೆ ತರಬೇತಿ ಏಕೆ ಎಂದು ಒಂದು ಸಲ ರೇಗಿಯೂ ಬಿಟ್ಟೆ.

ಅದನ್ನು ಮುರಿದವಳು ಸುಮಂಗಲಾ. ಇಳಕಲ್ಲಿನ ನೇಕಾರ ಓಣಿಯೊಂದರ ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಂದನೆಯ ಮತ್ತು ಎರಡನೆಯ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ವರ್ಷಗಳಿಂದ ಒಬ್ಬಳೇ ನಡೆಸಿಕೊಂಡು ಬಂದಿದ್ದಳು. ಮನೆಯಲ್ಲಿ ಗಂಡ, ಮೈದುನ ಇಬ್ಬರೂ ಮಗ್ಗದ ಮೇಲೆ. ಬೆಳಿಗ್ಗೆ ಅವರ ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತಿಟ್ಟು ಶಾಲೆಗೆ ಬರುವವಳು ಸಂಜೆ ಹೋಗಿ ಮತ್ತೆ ಕಂಡಿಕೆ ಸುತ್ತಬೇಕು. ಆ ದಿನ ಸರದಿ ಬಂದಾಗ ಅವಳು ಎಲ್ಲರಂತೆ ಆರಾಮ ಎನ್ನಲಿಲ್ಲ.

"ನಾ ಆರಾಮ ಇಲ್ರಿ," ಎಂದಳು. "ಭಾಳ ದಿನಾತು. ಸಾಲಿ ಬಾಗಲಕ್ಕ ಬಂದಕೂಡ್ಲೆ ಎದಿ ಹಿಡದಂಗ ಆಕ್ಕೈತಿ. ಮೊದಲ ಹುಡುಗರ ಮಾರಿ ನೋಡಿದ್ರ ಖುಷಿ ಆಗ್ತಿತ್ತು. ಈಗ ಏನಂದ್ರ ಏನೂ ಅನಸೂದಿಲ್ಲ. ಮೊನ್ನಿ ಒಂದ ಹುಡುಗಿ ಮ್ಯಾಲೆ ಕೈ ಎತ್ತಿದೆ. ಎತ್ತಿದ ಕೈ ಇಳಸಾಕ ಆಗಲಿಲ್ರಿ. ಹೊಡೀಲಿಲ್ಲ, ಹೊರಗ ಹೋಗಿ ನಿಂತೆ. ಆದ್ರ ಇನ್ನೊಂದ ಸಲ ಹೊಡದಬಿಡ್ತೇನಿ ಅಂತ ನನಗ ಅಂಜಿಕಿ."

ಅವಳ ಎದುರು ಕುಳಿತಿದ್ದ ಮಲ್ಲಪ್ಪ ಮಾಸ್ತರು ಧೋತರದ ಅಂಚಿನಿಂದ ಕಣ್ಣೊರೆಸಿಕೊಂಡರು. ಅವರು ನಮ್ಮ ಗುಂಪಿನಲ್ಲೆಲ್ಲ ಹಿರಿಯರು. ಯಾರ ಮನೆಯಲ್ಲಿ ಮದುವೆಯಾಗಲಿ, ಸಾವಾಗಲಿ, ಮೊದಲು ಹೋಗಿ ನಿಲ್ಲುವವರು. ಎರಡು ಹೊತ್ತು ಶಿವಪೂಜೆ, ಬಾಯಿ ತೆರೆದರೆ ದಯೆಯ ಮಾತು. ಆ ಮಾತು ಬರೀ ಬಾಯಿಯದಾಗಿರಲಿಲ್ಲ ಎಂಬುದನ್ನೂ ನಾನು ಹೇಳಬೇಕು.

ಸುಮಂಗಲಾಳ ನಂತರ ಇನ್ನೂ ಕೆಲವರು ಬಾಯಿ ಬಿಟ್ಟರು. ಮರುದಿನದಿಂದ ಅವಳ ಮುಖವೇ ಬೇರೆಯಾಗಿತ್ತು. ನಗುತ್ತಿದ್ದಳು, ಬುತ್ತಿ ಬಿಚ್ಚಿ ಎಲ್ಲರಿಗೂ ಹಂಚುತ್ತಿದ್ದಳು. ಏನಾದರೂ ಸಹಾಯ ಬೇಕೇ ಎಂದು ನಾನು ಕೇಳಿದರೆ, "ಏನೂ ಬ್ಯಾಡ್ರಿ ಮೇಡಮ್. ಹೇಳಿದೆ, ನೀವು ಕೇಳಿದ್ರಿ, ಸಾಕು" ಎಂದಳು.

ತರಬೇತಿ ಮುಗಿದ ಮೇಲೆ ಫಾಲೋ-ಅಪ್‌ಗೆಂದು ಅವಳ ಶಾಲೆಗೆ ಹೋದೆ. ಪಾಠ ಶುರುಮಾಡುವ ಮೊದಲು ಅವಳು ಮಕ್ಕಳಿಗೆಲ್ಲ ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳಲು ಹೇಳಿದಳು. ಹೊಟ್ಟೆ ಉಬ್ಬುವುದು, ಇಳಿಯುವುದು ನೋಡಿ ಮಕ್ಕಳು ಕಿಸಕ್ಕನೆ ನಗುತ್ತಿದ್ದರು. ಅವಳೂ ನಕ್ಕಳು. ತಾನು ಕೈ ಎತ್ತಿದ್ದ ಹುಡುಗಿಯನ್ನು ನನಗೆ ತೋರಿಸಿದಳು. ಮುಂದಿನ ಸಾಲಿನಲ್ಲಿ, ಅವಳ ಕಾಲಿಗೆ ಅಂಟಿಕೊಂಡೇ ಕೂತಿತ್ತು. ನನ್ನ ನೌಕರಿಯಲ್ಲಿ ಒಂದು ತರಬೇತಿ ಕಾಗದದಿಂದ ಇಳಿದು ಕೋಣೆಗೆ ಬಂದದ್ದನ್ನು ಕಣ್ಣಾರೆ ನೋಡಿದ್ದು ಆ ದಿನ. ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಹೆಮ್ಮೆಯೆನಿಸಿತ್ತು.

ಆಮೇಲೆ ಅವಳಿಗೆ ಜ್ವರ ಬಂತು. ಎಲ್ಲರಿಗೂ ಬರುವಂಥ ಸಾದಾ ಜ್ವರ. ರಜೆ ಹಾಕಿ ಮನೆಯಲ್ಲಿ ಮಲಗಿದಳು.

ನಮ್ಮ ಕಡೆ ಒಂದು ರೂಢಿಯಿದೆ. ಯಾರಾದರೂ ಹಾಸಿಗೆ ಹಿಡಿದರೆ ಬಂಧುಬಳಗದವರು, ಜೊತೆಗಾರರು ಹೋಗಿ ಮಾತಾಡಿಸಿಕೊಂಡು ಬರಬೇಕು. ಬ್ರೆಡ್ಡು, ಬಿಸ್ಕೀಟು, ಮೋಸಂಬಿ ಹಿಡಿದುಕೊಂಡು ಹೋಗಿ, ಮಂಚದ ಪಕ್ಕ ಕೂತು, ಏನಾಯಿತು ಎಂದು ಮೊದಲಿನಿಂದ ಕೊನೆಯವರೆಗೆ ಕೇಳಿ, ಚಹಾ ಕುಡಿದು ಬರುವುದು. ಹೋಗದಿದ್ದರೆ ಆ ಮನೆಯವರು ಜನ್ಮದಲ್ಲಿ ಮರೆಯುವುದಿಲ್ಲ. ನಾನು ಆಗ ಸಭೆಗೆಂದು ಬಾಗಲಕೋಟೆಗೆ ಹೋಗಿದ್ದೆ. ಮರಳಿ ಬಂದಾಗ ಮಲ್ಲಪ್ಪ ಮಾಸ್ತರು ನಮ್ಮ ತರಬೇತಿ ಕೇಂದ್ರಕ್ಕೆ ಬಂದು, ಸಂತೋಷದಿಂದ ಸುದ್ದಿ ಹೇಳಿದರು.

"ನಮ್ಮ ಬ್ಯಾಚಿನವ್ರೆಲ್ಲಾ ಒಂದ ಟ್ರ್ಯಾಕ್ಸ್ ಗಾಡಿ ಮಾಡ್ಕೊಂಡು ಸುಮಂಗಲಾ ಟೀಚರ್‌ನ ಮಾತಾಡ್ಸಿ ಬಂದ್ವಿ ನೋಡ್ರಿ ಮೇಡಮ್. ಭಾಳ ಚಲೋ ಆತು."

ನಾನು ಕೇಳುತ್ತ ಹೋದೆ, ಅವರು ಹೇಳುತ್ತ ಹೋದರು. ಮನೆಯ ಮುಂಭಾಗದಲ್ಲಿಯೇ ಕುಣಿಮಗ್ಗ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವಂಥದು. ಅಷ್ಟು ಜನ ಒಟ್ಟಿಗೆ ಒಳಗೆ ನುಗ್ಗಿದಾಗ ಗಂಡ ಮಗ್ಗ ನಿಲ್ಲಿಸಿದ. ಇವರ ಮನೆಯ ಸದ್ದು ನಿಂತಿತೆಂದು ಎದುರು ಮನೆಯವರೂ, ಪಕ್ಕದ ಮನೆಯವರೂ ತಮ್ಮ ಮಗ್ಗ ಬಿಟ್ಟು ಬಾಗಿಲಿಗೆ ಬಂದು ನಿಂತರು. ಆಗ ಸುಮಂಗಲಾಳ ಅತ್ತೆ, ಬರೀ ಜ್ವರಕ್ಕೆ ಇಷ್ಟು ಮಂದಿ ಏಕೆ ಬಂದಿರಿ ಎಂದು ಕೇಳಿದಳು.

"ನೀವು ಏನಂದ್ರಿ?" ಎಂದೆ.

"ಖರೇ ಹೇಳಿದೆ. 'ಜ್ವರಕ್ಕಲ್ಲಬೇ ಯವ್ವಾ, ನಿಮ್ಮ ಸೊಸಿ ಮನಸಿಗಿ ಆರಾಮಿಲ್ಲ, ಅದಕ್ಕ ಬಂದೀವಿ. ಟ್ರೇನಿಂಗ್‌ನ್ಯಾಗ ಭಾಳ ಸಂಕಟ ಮಾಡ್ಕೊಂಡ್ರು. ಹುಡುಗಿ ಮ್ಯಾಲೆ ಎತ್ತಿದ ಕೈ ಇಳಸಾಕ ಆಗಲಿಲ್ಲಂತ. ಮನಿಯಾಗ ಜ್ವಾಕಿ ಮಾಡ್ರಿ, ಕೆಲಸ ಹಚಬ್ಯಾಡ್ರಿ' ಅಂತ ಕೈ ಮುಗದು ಹೇಳಿದೆ."

ನಾನು ದನಿ ಏರಿಸಿದೆ. ಕೋಣೆಯ ಮಾತು ಹೊರಗೆ ಹೋಗಬಾರದೆಂದು ದಿನಾ ಹೇಳಿಸಿದ್ದೆನಲ್ಲ, ಹೂಂ ಅಂದಿದ್ದಿರಲ್ಲ ಎಂದೆ. ಅವರಿಗೆ ನನ್ನ ಸಿಟ್ಟು ಅರ್ಥವಾಗಲೇ ಇಲ್ಲ.

"ಕೆಟ್ಟ ಮಾತಿದ್ರ ಹೊರಗ ಹೇಳಬಾರ್ದು ಮೇಡಮ್. ಬ್ಯಾನಿ ಮುಚ್ಚಿಡ್ತಾರೇನ್ರಿ? ಜೊತಿಗಿದ್ದವ್ರಿಗೆ ತ್ರಾಸ ಆದ್ರ ಮಾತಾಡ್ಸಾಕ ಹೋಗಲಿಲ್ಲಂದ್ರ ನಾವೇನ್ ಮನಷ್ಯಾರೇನ್ರಿ?"

ಅವರ ಮುಖದಲ್ಲಿ ಕಪಟವಿರಲಿಲ್ಲ. ಕಪಟವಿದ್ದಿದ್ದರೆ ಜಗಳ ಆಡಬಹುದಿತ್ತು.

ಆ ಹುಡುಗಿಯ ಮನೆ ಅದೇ ಓಣಿಯಲ್ಲಿತ್ತು. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ಜ್ವರ ಇಳಿದು ಸುಮಂಗಲಾ ಶಾಲೆಗೆ ಹೋದಾಗ ಅವಳ ಕೋಣೆಯ ಮುಂದೆ ತಾಯಂದಿರು ನಿಂತಿದ್ದರು. ಯಾರೂ ಬೈಯಲಿಲ್ಲ. ಅವಳು ಆರಾಮ ಮಾಡಿಕೊಳ್ಳಲಿ, ಅಲ್ಲಿಯವರೆಗೆ ನಮ್ಮ ಮಕ್ಕಳನ್ನು ಬೇರೆಯವರ ಹತ್ತಿರ ಕೂರಿಸಿ ಎಂದರು. ಶಾಲಾಭಿವೃದ್ಧಿ ಸಮಿತಿ ಸೇರಿತು, ನಾನೂ ಹೋದೆ. ಹುಡುಗಿಯ ತಾಯಿ ನನ್ನ ಕೈ ಹಿಡಿದುಕೊಂಡು, "ಸಾಲಿ ಅಕ್ಕೋರು ಬಂಗಾರದಂಥವ್ರರಿ. ಆದ್ರ ತಲಿ ಕೆಟ್ಟ ಹೊತ್ತಿನ್ಯಾಗ ಏನರ ಆದ್ರ? ನಂದು ಒಂದ ಕೂಸು" ಎಂದಳು. ನಾನು ಹೇಳುವುದನ್ನೆಲ್ಲ ಹೇಳಿದೆ. ಕೈ ಎತ್ತಿದ್ದನ್ನು ತಾನಾಗಿ ಹೇಳಿಕೊಂಡವಳು ಹೊಡೆಯುವುದಿಲ್ಲ, ಹೇಳಿಕೊಳ್ಳದವರನ್ನು ನೋಡಿಕೊಳ್ಳಿ ಎಂದೆ. ತಲೆ ಅಲ್ಲಾಡಿಸಿದರು, ಮನಸ್ಸು ಬದಲಿಸಲಿಲ್ಲ.

ಮುಖ್ಯಗುರುಗಳು ಅವಳನ್ನು ತರಗತಿಯಿಂದ ಬಿಡಿಸಿ ಬಿಸಿಯೂಟದ ಉಸ್ತುವಾರಿಗೆ ಹಾಕಿದರು. ಅದೂ ಅಂತಃಕರಣದಿಂದಲೇ. "ವಿಶ್ರಾಂತಿ ತಗೋರಿ ಟೀಚರ್, ಅಕ್ಕಿ ಬ್ಯಾಳಿ ನೋಡ್ಕೊಂಡ ಕುಂದರ್ರಿ" ಎಂದರಂತೆ. ಮನೆಯಲ್ಲಿ ಅತ್ತೆ ಕಂಡಿಕೆ ಮುಟ್ಟಗೊಡಲಿಲ್ಲ. ಗಂಡ, "ಸುಮ್ನ ಇರು, ಪಗಾರಂತೂ ಬರತೈತಿ" ಎಂದ. ಎಲ್ಲರೂ ಅವಳನ್ನು ಅಂಗೈಯಲ್ಲಿ ಇಟ್ಟುಕೊಂಡರು. ಅವಳಿಗೆ ಬೇಕಾಗಿದ್ದ ಒಂದನ್ನು ಮಾತ್ರ ಯಾರೂ ಕೊಡಲಿಲ್ಲ.

ನಾನು ಶಾಲೆಗೆ ಹೋದಾಗ ಅವಳು ಬಿಸಿಯೂಟದ ಅಡುಗೆ ಕೋಣೆಯ ಕಟ್ಟೆಯ ಮೇಲೆ ಕೂತಿದ್ದಳು. ಅವಳ ಕೋಣೆಯಿಂದ ಮಕ್ಕಳು ಮಗ್ಗಿ ಹೇಳುವುದು ಕೇಳುತ್ತಿತ್ತು. "ಮೇಡಮ್, ನನ್ನ ಕೋಣಿ ನನಗ ಕೊಡಸ್ರಿ," ಎಂದಳು. "ಅಲ್ಲಿ ಇದ್ದಾಗ ತ್ರಾಸ ಆಗ್ತಿತ್ತು, ಖರೆ. ಆದ್ರ ಈಗೀಗ ಕಡಿಮಿ ಆಗಾಕ ಹತ್ತಿತ್ತು. ಹಿಂಗ ಕುಂತ್ರ ನನಗ ಖರೇನ ಹುಚ್ಚ ಹಿಡೀತೈತಿ."

ಮೇಲಿನ ಸಾಹೇಬರ ಹತ್ತಿರ ಹೋದೆ. ಅವರು ನಿಯಮದ ಮನುಷ್ಯ. ಪಾಲಕರ ತಕರಾರು ಬಂದಿದೆ, ಮನೋವೈದ್ಯರಿಂದ ಫಿಟ್‌ನೆಸ್ ಸರ್ಟಿಫಿಕೇಟ್ ತಂದರೆ ಕೋಣೆ ಕೊಡಿಸುತ್ತೇನೆ ಎಂದರು. ಗಂಡ ಜೊತೆಗೆ ಬರಲು ಒಪ್ಪಲಿಲ್ಲ. ನಾನೇ ಅವಳನ್ನು ಬಾಗಲಕೋಟೆಗೆ ಕರೆದೊಯ್ದೆ. ವೈದ್ಯರು ಬಹಳ ಹೊತ್ತು ಮಾತಾಡಿಸಿ, "ಇವರಿಗೆ ದಣಿವಾಗೈತಿ, ಅಷ್ಟ. ಪಾಠ ಮಾಡ್ಲಿ. ಬಿಡಿಸೂದ ತಪ್ಪು" ಎಂದು ಹಾಗೆಯೇ ಬರೆದುಕೊಟ್ಟರು. ಮರಳುವಾಗ ಬಸ್ಸಿನಲ್ಲಿ ಅವಳು ಆ ಕಾಗದವನ್ನು ಕೈಯಲ್ಲಿಯೇ ಹಿಡಿದುಕೊಂಡಿದ್ದಳು. ಮಕ್ಕಳಿಗೆ ಯಾವ ಪಾಠದವರೆಗೆ ಆಗಿದೆಯೋ ಏನೋ ಎಂದು ನನ್ನನ್ನು ಕೇಳಿದಳು.

ಸಮಿತಿಯ ಸಭೆಯಲ್ಲಿ ಮುಖ್ಯಗುರುಗಳು ಸರ್ಟಿಫಿಕೇಟನ್ನು ಗಟ್ಟಿಯಾಗಿ ಓದಿದರು, ಅವಳಿಗೆ ಒಳ್ಳೆಯದಾಗಲೆಂದು. ಮೇಲೆ ಅಚ್ಚಾಗಿದ್ದ ವೈದ್ಯರ ಹೆಸರು, ಪದವಿ ಎಲ್ಲವನ್ನೂ ಓದಿದರು. ಓದಿ ಮುಗಿಸಿದಾಗ ಹಿಂದೆ ಕೂತ ಒಬ್ಬ ಪಾಲಕ ಕೇಳಿದ: "ಸರ, ಅಂದ್ರ ಖರೇನ ಹುಚ್ಚಿನ ಡಾಕ್ಟರ್ ಕಡೆ ಹೋಗಿದ್ರಲ್ರಿ?"

ಆಕೆಗೆ ಹುಚ್ಚಿಲ್ಲ ಎಂದು ಬರೆಸಿ ತಂದ ಕಾಗದವೇ ಅವಳಿಗೆ ಹುಚ್ಚೆಂದು ಗಟ್ಟಿ ಮಾಡಿತು. ಸಾಹೇಬರು ಕೊಟ್ಟ ಮಾತಿನಂತೆ ಕೋಣೆ ಅವಳಿಗೆ ಸಿಕ್ಕಿತು, ಆದರೆ ಕೋಣೆಯಲ್ಲಿ ಕೂರಲು ಮಕ್ಕಳು ಬರಲಿಲ್ಲ. ಒಬ್ಬೊಬ್ಬರಾಗಿ ಬೇರೆ ಶಾಲೆಗೆ ಹೋದರು. ಕಾಲಿಗೆ ಅಂಟಿಕೊಂಡು ಕೂರುತ್ತಿದ್ದ ಆ ಹುಡುಗಿಯೂ ಹೋಯಿತು. ಸುಮಂಗಲಾ ತಾನಾಗಿಯೇ ವರ್ಗಾವಣೆ ಕೇಳಿಕೊಂಡು ಬಾದಾಮಿ ತಾಲೂಕಿನ ಒಂದು ಹಳ್ಳಿಗೆ ಹೋದಳು. ಅಲ್ಲಿ ಅವಳ ಸುದ್ದಿ ಯಾರಿಗೂ ಗೊತ್ತಿರಲಿಲ್ಲ.

ಇತ್ತ ನಮ್ಮ ತರಬೇತಿ ಯಶಸ್ವಿಯಾಯಿತೆಂದು ವರದಿ ಹೋಯಿತು. ಭಾಗವಹಿಸಿದವರು ಮನಬಿಚ್ಚಿ ಮಾತಾಡಿದರು ಎಂಬ ಸಾಲು ಅದರಲ್ಲಿತ್ತು. ಸುಳ್ಳೇನಲ್ಲ.

ಕೆಲವು ವರ್ಷಗಳ ಮೇಲೆ ಕುಳಗೇರಿ ಕ್ರಾಸಿನಲ್ಲಿ ಬಸ್ಸಿಗೆ ನಿಂತಿದ್ದಾಗ ಅವಳು ಸಿಕ್ಕಳು. ಮೈಕೈ ತುಂಬಿಕೊಂಡಿದ್ದಳು, ನೋಡಲು ಚೆನ್ನಾಗಿಯೇ ಇದ್ದಳು. ಚಹಾ ಕುಡಿದೆವು. ಮೂರನೆಯ ತರಗತಿ ಕೊಟ್ಟಿದ್ದಾರೆ, ಊರಿನವರು ಒಳ್ಳೆಯವರು ಎಂದಳು. ಮಕ್ಕಳಿಗೆ ಹೊಟ್ಟೆಯ ಮೇಲೆ ಕೈ ಇಡಿಸುತ್ತೀಯೇನು ಎಂದು ಕೇಳಿದೆ. ಇಲ್ಲ ಎಂದಳು. ನನಗೆ ತಡೆಯಲಾಗದೆ, ಆಗ ಇದ್ದ ಆ ಅಂಜಿಕೆ ಹೋಯಿತೇ ಎಂದೂ ಕೇಳಿದೆ.

"ಹೋತ್ರಿ ಮೇಡಮ್," ಎಂದಳು. ಬಸ್ಸು ಬರುವ ದಾರಿಯನ್ನೇ ನೋಡುತ್ತಿದ್ದಳು. "ಈಗ ಹೊಡೀತೇನಿ. ಯಾರೂ ಏನೂ ಅನ್ನೂದಿಲ್ಲ. ಶಿಸ್ತಿನ ಟೀಚರ್ ಅಂತ ಊರಾಗ ಹೆಸರೈತಿ."

ಬಸ್ಸು ಬಂತು, ಹತ್ತಿ ಹೋದಳು. ನಾನು ನನ್ನ ಬಸ್ಸು ಬಿಟ್ಟುಕೊಂಡು ಅಲ್ಲಿಯೇ ಕೂತೆ.

ಶಿಕ್ಷಕರ ಮನಸ್ಸಿನ ಆರೋಗ್ಯದ ಬಗ್ಗೆ ಈಗ ಬಹಳ ಮಾತು ಕೇಳಿಬರುತ್ತಿದೆ. ಹೊಸ ಹೊಸ ಮಾಡ್ಯೂಲುಗಳು ಬರುತ್ತಿವೆಯಂತೆ, ಬರಲಿ. ನಡೆಸಿಕೊಡುವವರಿಗೆ ನಾನು ಹೇಳುವುದು ಇಷ್ಟೇ. ಶಿಕ್ಷಕಿಗೆ ಬಾಯಿ ಬಿಡಲು ಕಲಿಸುವ ಮೊದಲು ಅವಳ ಅತ್ತೆಗೆ, ಗಂಡನಿಗೆ, ಮುಖ್ಯಗುರುಗಳಿಗೆ, ಓಣಿಯವರಿಗೆ ಕೇಳಿಸಿಕೊಳ್ಳಲು ಕಲಿಸಬೇಕು. ಅದು ಒಂದು ತರಬೇತಿಯಲ್ಲಿ ಆಗುವ ಕೆಲಸವಲ್ಲ. ನನ್ನ ಇಡೀ ನೌಕರಿಯಲ್ಲಿ ನನ್ನಿಂದಂತೂ ಆಗಲಿಲ್ಲ. ಹೊಡೆದೇನೆಂದು ಅಂಜಿ ಹೊರಗೆ ಹೋಗಿ ನಿಂತ ಒಬ್ಬ ಶಿಕ್ಷಕಿ ನಮಗೆ ಸಿಕ್ಕಿದ್ದಳು. ನಾವೆಲ್ಲ ಸೇರಿ, ಕೈಯಲ್ಲಿ ಮೋಸಂಬಿ ಹಿಡಿದುಕೊಂಡು ಹೋಗಿ, ಅವಳ ಆ ಅಂಜಿಕೆ ಬಿಡಿಸಿ ಬಂದೆವು.